ಮುಗಿಯದ ಪರೀಕ್ಷೆ

ಎಂಟು ಗಂಟೆಯ ದುಡಿಮೆಯೆಂಬುದನ್ನು ಯಾವ ಧಣಿಯೂ ದಾನವಾಗಿ ಕೊಡಲಿಲ್ಲ. ಅದಕ್ಕಾಗಿ 1886ರ ಮೇ ತಿಂಗಳಲ್ಲಿ ಷಿಕಾಗೋ ನಗರದ ಕಾರ್ಮಿಕರು ರಕ್ತ ಸುರಿಸಿದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಪ್ಪಂದವೇ ಅದನ್ನು ಲೋಕಕ್ಕೆ ಸಾರಿತು. ಬೀಡಿ ಕಟ್ಟುವ ಹೆಂಗಸು, ಹೋಟೆಲಿನ ಮಾಣಿ ಇಂದಿಗೂ ಆ ಹಕ್ಕನ್ನು ಪೂರ್ತಿ ಕಂಡಿಲ್ಲ. ಈಗ ಅವರ ಸಾಲಿಗೆ ಬೆಂಗಳೂರಿನ ಗಾಜಿನ ಕಟ್ಟಡಗಳ ಸಾಫ್ಟ್‌ವೇರ್ ಇಂಜಿನಿಯರರೂ ಬಂದು ನಿಂತಿದ್ದಾರೆ.

ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಎಂಥ ಕಷ್ಟವೆಂದು ವಾಚಕರಲ್ಲಿ ಕೆಲವರು ಕೇಳಿಯಾರು. ಆ ಕೆಲಸ ಸಿಗುವ ಬಗೆಯನ್ನೇ ಮೊದಲು ನೋಡೋಣ. ದೊಡ್ಡ ಕಂಪೆನಿಗಳ ಸಂದರ್ಶನವೆಂದರೆ ನಾಲ್ಕಾರು ಸುತ್ತು. ಎದುರು ಕುಳಿತವನು ನೋಡುತ್ತಿರುವಂತೆಯೇ, ಮುಕ್ಕಾಲು ಗಂಟೆಯೊಳಗೆ ಒಂದೆರಡು ಒಗಟುಗಳನ್ನು ಬಿಡಿಸಿ ಕೋಡ್ ಬರೆಯಬೇಕು. ದಿನನಿತ್ಯದ ಕೆಲಸದಲ್ಲಿ ಅಂಥ ಒಗಟುಗಳು ಬರುವುದೇ ಅಪರೂಪ. ಆದರೂ ಹತ್ತು ವರ್ಷ ದುಡಿದ ಅನುಭವಸ್ಥನು ಕೂಡ ಕೆಲಸ ಬದಲಿಸಬೇಕಾದರೆ, ನಿದ್ದೆಗೆಟ್ಟು ಲೀಟ್‌ಕೋಡ್‌ನಂಥ ತಾಣಗಳ ನೂರಾರು ಲೆಕ್ಕಗಳನ್ನು ಉರು ಹೊಡೆಯಬೇಕು. ಅಮೆಜಾನ್ ಕಂಪೆನಿಯಲ್ಲಿ ‘ಬಾರ್ ರೈಸರ್’ ಎಂಬ, ಬೇರೆ ತಂಡದ ಪರೀಕ್ಷಕನೊಬ್ಬನಿರುತ್ತಾನೆ. ಉಳಿದವರು ಒಪ್ಪಿದರೂ ಅವನು ಒಲ್ಲೆನೆಂದರೆ ಕೆಲಸವಿಲ್ಲ. ತಿರಸ್ಕೃತನಾದವನಿಗೆ ಕಾರಣ ತಿಳಿಸುವುದಂತೂ ವಿರಳ. ನಮ್ಮ ಪಾಠಶಾಲೆಯ ಹುಡುಗನಿಗಾದರೂ ಯಾವ ಉತ್ತರ ತಪ್ಪಿತೆಂಬುದು ಗೊತ್ತಾಗುತ್ತದೆ!

ಕೆಲಸ ಸಿಕ್ಕ ಮೇಲೆ ಪರೀಕ್ಷೆ ಮುಗಿಯಿತೆ? ಅದೂ ಇಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಜಾಕ್ ವೆಲ್ಚ್ ಎಂಬಾತ ನೌಕರರನ್ನು ಶೇಕಡಾ 20, 70, 10 ಎಂದು ಮೂರು ದರ್ಜೆಯಾಗಿ ವಿಂಗಡಿಸಿ, ಕೆಳಗಿನ ಹತ್ತನ್ನು ಹೊರಹಾಕುವ ಪದ್ಧತಿ ತಂದನು. ಮೈಕ್ರೋಸಾಫ್ಟ್ ಇಂಥದೇ ಶ್ರೇಣಿ ಪದ್ಧತಿಯನ್ನು ನಡೆಸಿ ನೋಡಿ 2013ರಲ್ಲಿ ಕೈಬಿಟ್ಟಿತು. ಆದರೆ ರೋಗದ ಬೇರು ಹೋಗಿಲ್ಲ. ಎಲ್ಲರೂ ಚೆನ್ನಾಗಿ ದುಡಿದರೂ ಯಾರಾದರೊಬ್ಬ ಕೊನೆಯವನಾಗಲೇಬೇಕು ಎಂದಾದರೆ, ಪಕ್ಕದ ಮೇಜಿನವನಿಗೆ ಕೆಲಸ ಹೇಳಿಕೊಡುವವರು ಯಾರು? ಕೊನೆಯವನ ಕೈಗೆ ಪಿ.ಐ.ಪಿ. ಎಂಬ ‘ಸುಧಾರಣೆಯ ಯೋಜನೆ’ ಬರುತ್ತದೆ; ಹಲವರ ಪಾಲಿಗೆ ಅದು ಬಾಗಿಲು ತೋರಿಸುವ ಕಾಗದ. ಸರದಿಯ ವಾರದಲ್ಲಿ ನಡುರಾತ್ರಿ ಫೋನು ಕೂಗಿದರೆ ಎದ್ದು ದೋಷ ಸರಿಪಡಿಸಬೇಕು. ಬೆಳಿಗ್ಗೆ ಎಂದಿನಂತೆ ಹಾಜರಾಗಬೇಕು. ಹೊತ್ತು ಮೀರಿ ದುಡಿಯೆಂದು ಯಾರೂ ಆಜ್ಞಾಪಿಸಬೇಕಾಗಿಲ್ಲ. ಭಯವೇ ಆ ಕೆಲಸ ಮಾಡುತ್ತದೆ.

ಇಷ್ಟೂ ಸಾಲದೆಂಬಂತೆ 2023ರಲ್ಲಿ ಶ್ರೀ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಎಲ್ ಅಂಡ್ ಟಿ ಅಧ್ಯಕ್ಷ ಶ್ರೀ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು 2025ರಲ್ಲಿ ಬಯಲಿಗೆ ಬಂತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಲೆಕ್ಕ ಕೊಟ್ಟಿದ್ದವು. ಈ ಮಹನೀಯರ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಸರಕಾರವೇನು ಮಾಡಿತು? 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಯೆಂದು ಮಿತಿ ಹಾಕಿತ್ತು. 2024ರ ಜುಲೈ ತಿಂಗಳಲ್ಲಿ ಐ.ಟಿ. ನೌಕರರ ದಿನವನ್ನು 14 ಗಂಟೆಗೆ ಎಳೆಯುವ ಪ್ರಸ್ತಾಪ ಬಂದಿತು. ಉದ್ಯಮಪತಿಗಳ ಒತ್ತಡವಿದೆಯೆಂದು ಕಾರ್ಮಿಕ ಮಂತ್ರಿಗಳೇ ಹೇಳಿದರು. ಮೂರು ಪಾಳಿ ಎರಡಾದರೆ ಮೂರನೆಯ ಪಾಳಿಯವರು ಬೀದಿಗೆ ಬೀಳುತ್ತಾರೆಂದು ನೌಕರರ ಸಂಘ ಕೆ.ಐ.ಟಿ.ಯು. ಎಚ್ಚರಿಸಿ ಪ್ರತಿಭಟಿಸಿತು. ಮರುವರ್ಷದ ಜೂನ್ ತಿಂಗಳಲ್ಲಿ ಹೆಚ್ಚುವರಿ ದುಡಿಮೆ ಸೇರಿ ದಿನಕ್ಕೆ 12 ಗಂಟೆಯೆಂಬ ಇನ್ನೊಂದು ಪ್ರಸ್ತಾಪ ತಲೆಯೆತ್ತಿತು. ಕಾವಲು ಸಡಿಲವಾದಾಗಲೆಲ್ಲ ಇದು ಮರಳಿ ಬರುವುದು ಖಂಡಿತ.

ನಮ್ಮ ಬೇಡಿಕೆಗಳು ಸರಳ. ದುಡಿದ ಪ್ರತಿ ಗಂಟೆಯೂ ದಾಖಲಾಗಲಿ. ರಾತ್ರಿಯ ಫೋನಿನ ಸರದಿಯೂ ದುಡಿಮೆಯೆಂದೇ ಲೆಕ್ಕವಾಗಿ ಕೂಲಿ ಬರಲಿ. ಶೇಕಡಾವಾರು ಹೊರಹಾಕುವ ಶ್ರೇಣಿ ಪದ್ಧತಿಯನ್ನು ಕಾಯಿದೆಯೇ ನಿಷೇಧಿಸಲಿ.

ಹೊಲ ಒತ್ತೆಯಿಟ್ಟು ಓದಿಸಿದ ರೈತರ ಮಕ್ಕಳೂ ಈ ಕಟ್ಟಡಗಳಲ್ಲಿದ್ದಾರೆ. ಅವರಿಗೆ ನಮ್ಮದೊಂದು ಮಾತು: ಕೊರಳಿಗೆ ಗುರುತಿನ ಚೀಟಿ ತೂಗಿದ ಮಾತ್ರಕ್ಕೆ ನೀವು ಧಣಿಗಳಾಗಲಿಲ್ಲ. ತಿಂಗಳ ಕೊನೆಯ ಸಂಬಳವನ್ನು ನೆಚ್ಚಿದ ಶ್ರಮಜೀವಿಗಳು ನೀವು. ಒಬ್ಬೊಬ್ಬರಾಗಿ ನಿಂತಷ್ಟು ದಿನ ಕಂಪೆನಿ ನಿಮ್ಮನ್ನು ಪರೀಕ್ಷಿಸುತ್ತಲೇ ಇರುತ್ತದೆ. ಸಂಘ ಸೇರಿರಿ, ಪ್ರಶ್ನೆ ಕೇಳುವ ಸರದಿ ನಿಮ್ಮದಾಗಲಿ.