ಮಲಗಿದ ಹುಲಿಯೂ ಹುಲಿಯೇ

ಕಳೆದ ಭಾನುವಾರ ಮಗಳು, ಅಳಿಯ ಮತ್ತು ಎರಡೂವರೆ ವರ್ಷದ ಮೊಮ್ಮಗನೊಡನೆ ಮೈಸೂರಿನ ಮೃಗಾಲಯಕ್ಕೆ ಹೋಗಿದ್ದೆ. ಮನೆಗೆ ಬಂದ ಮೇಲೂ ಮನಸ್ಸಿಗೆ ಸಮಾಧಾನವಾಗದೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಕೆಲವರಿಗೆ ಕಹಿಯೆನಿಸಬಹುದು, ಹಳೆಯ ಮೇಷ್ಟರ ಮಾತೆಂದು ಸಹಿಸಿಕೊಳ್ಳಿ.

ನಡುಮಧ್ಯಾಹ್ನ. ಹುಲಿಯು ಮರದ ನೆರಳಿನಲ್ಲಿ ಮಲಗಿತ್ತು. ಎದುರಿಗೆ ನೆರೆದಿದ್ದ ಜನ ಶಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು, "ಏಯ್, ಏಳೋ!" ಎಂದು ಅರಚಿದರು. ಒಬ್ಬ ತಂದೆಯಂತೂ ಹೆಗಲ ಮೇಲಿದ್ದ ಮಗುವಿಗೆ "ನೀನೂ ಕೂಗು ಪುಟ್ಟಾ" ಎಂದು ಕಲಿಸುತ್ತಿದ್ದ. ನನ್ನ ಮೊಮ್ಮಗ ತುಟಿಯ ಮೇಲೆ ಬೆರಳಿಟ್ಟು, "ತಾತ, ಪಾಪ, ತಾಚಿ ಮಾಡ್ತಿದೆ. ಶ್ಶ್!" ಎಂದ. ಮಲಗಿದವರ ಬಳಿ ಸದ್ದು ಮಾಡಬಾರದೆಂದು ಮನೆಯಲ್ಲಿ ಅವನಿಗೆ ಕಲಿಸಿದ್ದೇವೆ. ಆ ನಿಯಮ ಮೃಗಾಲಯದ ಬಾಗಿಲಿನಲ್ಲಿ ರದ್ದಾಗುತ್ತದೆಂದು ಕಲಿಸಿರಲಿಲ್ಲ.

"ಸ್ವಲ್ಪ ಮೆಲ್ಲಗೆ" ಎಂದೆ. "ದುಡ್ಡು ಕೊಟ್ಟು ಬಂದಿದ್ದೇವೆ ಸಾರ್" ಎಂಬ ಉತ್ತರ ಬಂತು. ನನ್ನ ಜಗಳವಿರುವುದು ಈ ಉತ್ತರದೊಡನೆ. ಟಿಕೆಟ್ಟಿನ ಹಣ ಒಳಗೆ ಹೋಗಿ ನೋಡುವುದಕ್ಕೇ ಹೊರತು, ಪ್ರಾಣಿಯನ್ನು ಕುಣಿಸುವುದಕ್ಕಲ್ಲ. ಸಿಂಹವು ದಿನದಲ್ಲಿ ಹದಿನಾರರಿಂದ ಇಪ್ಪತ್ತು ಗಂಟೆಗಳ ಕಾಲ ವಿಶ್ರಮಿಸುತ್ತದೆ. ಹುಲಿಯ ಓಡಾಟವೂ ಹೆಚ್ಚಾಗಿ ಬಿಸಿಲಿಳಿದ ಮೇಲೆಯೇ. ಮಲಗಿದ ಹುಲಿಯನ್ನು ನೋಡಿದವನು ಹುಲಿಯ ನಿಜಸ್ವಭಾವವನ್ನೇ ನೋಡಿದಂತೆ. ಕಾಡಿನಲ್ಲಾದರೆ ಅದು ಗದ್ದಲಕ್ಕೆ ಬೇಸತ್ತು ಎದ್ದು ಹೋದೀತು. ಇಲ್ಲಿ ಎಲ್ಲಿಗೆ ಹೋಗಬೇಕು? ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಗದ್ದಲದಿಂದ ಅವುಗಳ ನೆಮ್ಮದಿ ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ಅಪರಾಧ. ಆದರೆ ಎರಡೂವರೆ ವರ್ಷದ ಮಗುವಿಗೆ ತಾನಾಗಿ ತಿಳಿದದ್ದನ್ನು ದೊಡ್ಡವರಿಗೆ ಕಾನೂನು ಹೇಳಿಕೊಡಬೇಕೆ?

ಇನ್ನೊಬ್ಬರನ್ನು ಬೈಯುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 1986ರ ಶಾಲಾ ಪ್ರವಾಸ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸಿಂಹ ಏಳಲಿಲ್ಲವೆಂದು, "ಎಲ್ಲರೂ ಒಟ್ಟಿಗೆ ಕೂಗಿ" ಎಂದವನು ನಾನೇ. ನಲವತ್ತು ಮಕ್ಕಳು ಕೂಗಿದಿರಿ. ಸಿಂಹ ಎದ್ದು, ನಮ್ಮತ್ತ ಒಮ್ಮೆ ನೋಡಿ, ಒಳಗೆ ಹೋಯಿತು. ನಾವು ನಕ್ಕೆವು. ಮರುದಿನ ಬರೆಸಿದ ಪ್ರಬಂಧದಲ್ಲಿ "ನಾವು ಸಿಂಹವನ್ನು ಎಬ್ಬಿಸಿದೆವು" ಎಂದು ಬರೆದವನಿಗೆ ಅತಿ ಹೆಚ್ಚು ಅಂಕ ಕೊಟ್ಟೆ. ಹೆಗಲ ಮೇಲಿನ ಮಗುವಿಗೆ ಕೂಗಲು ಕಲಿಸುತ್ತಿದ್ದ ಆ ತಂದೆಯೂ ಯಾವುದೋ ಶಾಲೆಯ ವಿದ್ಯಾರ್ಥಿಯಾಗಿದ್ದವನೇ. ಅವನಿಗೆ ಕಲಿಸಿದ್ದು ನನ್ನಂಥ ಮೇಷ್ಟರೇ ಅಲ್ಲವೆಂದು ಹೇಗೆ ಹೇಳಲಿ?

ಇನ್ನೊಂದು ಮಾತು. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಹತ್ತು ಎಕರೆಯಲ್ಲಿ ಆರಂಭವಾದ ಈ ಮೃಗಾಲಯ ಇಂದು 157 ಎಕರೆಗಳಷ್ಟು ವಿಸ್ತಾರವಾಗಿದೆ. ಅದನ್ನೆಲ್ಲ ಒಂದೇ ದಿನದಲ್ಲಿ "ಮುಗಿಸಬೇಕು" ಎಂಬ ಹಟಕ್ಕೆ ಕಂದಮ್ಮಗಳನ್ನು ಬಿಸಿಲಿನಲ್ಲಿ ಎಳೆದಾಡುತ್ತೇವೆ. ಅಂದು ನಾವೂ ಎಳೆದಾಡಿದೆವು. ನಮ್ಮ ಕೂಸು ಕಲ್ಲುಬೆಂಚಿನ ಕೆಳಗೆ ಕಡಲೆಕಾಯಿ ಸಿಪ್ಪೆ ಕೆದಕುತ್ತಿದ್ದ ಅಳಿಲನ್ನು ನೋಡುತ್ತಾ ನಿಂತರೆ, "ಬಾರೋ, ಆನೆ ನೋಡೋಣ" ಎಂದು ಕೈಹಿಡಿದು ಜಗ್ಗಿದೆವು. ಆನೆಯ ಎದುರು ಅವನು ಅತ್ತುಬಿಟ್ಟ. ಫೋಟೋ ಮಾತ್ರ ತೆಗೆದೆವು.

ಮಕ್ಕಳನ್ನು ಕರೆದೊಯ್ಯಬೇಡಿರೆಂದು ನಾನು ಹೇಳುತ್ತಿಲ್ಲ. ಬಾಗಿಲು ತೆರೆದೊಡನೆ ಹೋಗಿ. ನಾಲ್ಕೇ ಪ್ರಾಣಿಗಳನ್ನು ನೋಡಿ. ಮಗು ನಿಂತಲ್ಲಿ ನೀವೂ ನಿಲ್ಲಿ. ಹುಲಿ ಮಲಗಿದ್ದರೆ ಮಗುವಿನ ಕಿವಿಯಲ್ಲಿ ಮೆಲ್ಲನೆ ಹೇಳಿ: "ಮಲಗಿದೆ ಕಂದಾ, ಇನ್ನೊಂದು ದಿನ ಬರೋಣ."

1986ರಲ್ಲಿ ನಾನು ಹೇಳಬೇಕಾಗಿದ್ದದ್ದೂ ಇಷ್ಟೇ. ಆ ನಲವತ್ತು ಜನರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಅಂದಿನ ಪಾಠವನ್ನು ದಯವಿಟ್ಟು ತಿದ್ದಿಕೊಳ್ಳಿ.