ಅಪ್ಪ-ಅಮ್ಮನಿಗೆ ಬಾಡಿಗೆ ಕೊಟ್ಟು ಎಚ್‌ಆರ್‌ಎ ವಿನಾಯಿತಿ ಪಡೆಯಬಹುದೇ?

ಜನವರಿ, ಫೆಬ್ರವರಿ ಬಂತೆಂದರೆ ಕಂಪನಿಗಳ ಲೆಕ್ಕಪತ್ರ ವಿಭಾಗದಿಂದ ನೌಕರರಿಗೆ ಇಮೇಲ್ ಬರುತ್ತದೆ: ಬಾಡಿಗೆ ರಶೀದಿ ಸಲ್ಲಿಸಿ, ಇಲ್ಲವಾದರೆ ಸಂಬಳದಲ್ಲಿ ತೆರಿಗೆ ಹಿಡಿಯುತ್ತೇವೆ. ಅಪ್ಪನ ಅಥವಾ ಅಮ್ಮನ ಹೆಸರಿನ ಮನೆಯಲ್ಲೇ ಇರುವವರಿಗೆ ಆಗ ಎರಡು ಬಗೆಯ ಸಲಹೆ ಸಿಗುತ್ತದೆ. ‘ಹೆತ್ತವರಿಗೆ ಬಾಡಿಗೆ ಕೊಟ್ಟೆ ಅಂದರೆ ಇಲಾಖೆ ಒಪ್ಪುವುದಿಲ್ಲ’ ಎನ್ನುವುದು ಒಂದು. ‘ಅಪ್ಪನ ಸಹಿ ಹಾಕಿಸಿ ರಶೀದಿ ಕೊಟ್ಟುಬಿಡು, ಯಾರು ಕೇಳುತ್ತಾರೆ’ ಎನ್ನುವುದು ಇನ್ನೊಂದು. ಈ ಎರಡೂ ತಪ್ಪು. ಯಾಕೆ ಎಂದು ನೋಡೋಣ. ಇಲ್ಲಿ ಕೊಟ್ಟಿರುವ ನಿಯಮ ಮತ್ತು ಲೆಕ್ಕ 2025-26ನೇ ಹಣಕಾಸು ವರ್ಷದವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ, ಆನಂತರದ ವರ್ಷಗಳಿಗೆ ಆಯಾ ವರ್ಷದ ನಿಯಮವನ್ನೇ ನೋಡಿಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ಸಂಬಳದ ಭಾಗವಾಗಿ ಬರುವ ಮನೆ ಬಾಡಿಗೆ ಭತ್ಯೆಯನ್ನು ಎಚ್‌ಆರ್‌ಎ ಎನ್ನುತ್ತೇವೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(13ಎ) ಇದರ ಒಂದು ಭಾಗಕ್ಕೆ ತೆರಿಗೆ ವಿನಾಯಿತಿ ಕೊಡುತ್ತದೆ. ಎರಡು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಇಲ್ಲ ಎಂದು ಕಾಯ್ದೆ ನೇರವಾಗಿ ಹೇಳಿದೆ: ನೀವು ವಾಸಿಸುವ ಮನೆ ನಿಮ್ಮದೇ ಆಗಿದ್ದರೆ, ಅಥವಾ ನೀವು ನಿಜವಾಗಿ ಬಾಡಿಗೆ ಕೊಡದಿದ್ದರೆ. ಮನೆಯ ಮಾಲೀಕರು ನಿಮಗೆ ಸಂಬಂಧಿಕರಾಗಿರಬಾರದು ಎಂಬ ಷರತ್ತು ಅದರಲ್ಲಿ ಇಲ್ಲ. ಆದ್ದರಿಂದ ಅಪ್ಪ, ಅಮ್ಮ, ಅಣ್ಣ, ಅತ್ತೆ, ಮಾವ ಯಾರಿಗೆ ಬಾಡಿಗೆ ಕೊಟ್ಟರೂ ವಿನಾಯಿತಿ ಕೇಳಬಹುದು. ಕೊಡುವುದು ನಿಜವಾಗಿರಬೇಕು, ಅಷ್ಟೇ.

ಹೊಸ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿಯೇ ಇಲ್ಲ. 2023-24ರಿಂದ ಆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕಿದ್ದರೆ ನಾವೇ ಆರಿಸಿಕೊಳ್ಳಬೇಕು. ವರ್ಷಕ್ಕೆ 12.75 ಲಕ್ಷ ರೂಪಾಯಿವರೆಗೆ ಸಂಬಳ ಮಾತ್ರವೇ ಆದಾಯವಾಗಿ ಇರುವವರಿಗೆ 2025-26ರಲ್ಲಿ ಹೊಸ ಪದ್ಧತಿಯಡಿ ತೆರಿಗೆಯೇ ಬರುವುದಿಲ್ಲ. ಅಂಥವರು ಬಾಡಿಗೆ ರಶೀದಿಯ ಗೋಜಿಗೇ ಹೋಗಬೇಕಿಲ್ಲ.

ಎಷ್ಟು ಉಳಿಯುತ್ತದೆ?

ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅದಕ್ಕೆ ವಿನಾಯಿತಿ: ಕೈಗೆ ಬಂದ ಎಚ್‌ಆರ್‌ಎ, ಕೊಟ್ಟ ಬಾಡಿಗೆಯಲ್ಲಿ ಸಂಬಳದ 10% ಕಳೆದು ಉಳಿದದ್ದು, ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಸಂಬಳದ 50%, ಬೇರೆಡೆ 40%. ಇಲ್ಲಿ ಸಂಬಳ ಎಂದರೆ ಮುಖ್ಯವಾಗಿ ಮೂಲ ವೇತನ, ನಿವೃತ್ತಿ ಸೌಲಭ್ಯಕ್ಕೆ ಪರಿಗಣಿಸುವ ತುಟ್ಟಿಭತ್ಯೆ. ಬೆಂಗಳೂರಿನ ಬಾಡಿಗೆ ಎಷ್ಟೇ ಏರಿದ್ದರೂ 2025-26ರ ಲೆಕ್ಕದಲ್ಲಿ ಅದು 40%ರ ಪಟ್ಟಿಯಲ್ಲೇ ಇದೆ.

ಒಂದು ಉದಾಹರಣೆ ನೋಡೋಣ. ಮಗಳ ಮೂಲ ವೇತನ ತಿಂಗಳಿಗೆ 1 ಲಕ್ಷ, ಎಚ್‌ಆರ್‌ಎ 40,000. ಅಪ್ಪನಿಗೆ ತಿಂಗಳಿಗೆ 25,000, ಅಂದರೆ ವರ್ಷಕ್ಕೆ 3 ಲಕ್ಷ ಬಾಡಿಗೆ ಕೊಡುತ್ತಾಳೆ. ಅದರಲ್ಲಿ ಸಂಬಳದ 10%, ಅಂದರೆ 1.2 ಲಕ್ಷ ಕಳೆದರೆ 1.8 ಲಕ್ಷ. ಮೂರರಲ್ಲಿ ಇದೇ ಕಡಿಮೆ, ಹಾಗಾಗಿ ವಿನಾಯಿತಿಯೂ ಇಷ್ಟೇ. ಅವಳು ಹಳೆಯ ಪದ್ಧತಿಯಲ್ಲಿ 30% ಹಂತದಲ್ಲಿದ್ದರೆ ಸೆಸ್ ಸೇರಿ 56,160 ರೂಪಾಯಿ ತೆರಿಗೆ ಉಳಿಯುತ್ತದೆ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಆ 3 ಲಕ್ಷ ಈಗ ಅಪ್ಪನ ಆದಾಯ. ಅವರು ಕಟ್ಟಿದ ಆಸ್ತಿ ತೆರಿಗೆ 10,000 ಎಂದಿಟ್ಟುಕೊಂಡರೆ ಉಳಿದದ್ದು 2.9 ಲಕ್ಷ. ಅದರಲ್ಲಿ 30%ರಷ್ಟನ್ನು ಖರ್ಚಿನ ಬಾಬ್ತು ಎಂದು ಕಾನೂನೇ ಬಿಡುತ್ತದೆ. ಕೊನೆಗೆ 2.03 ಲಕ್ಷ ಅವರ ಆದಾಯಕ್ಕೆ ಸೇರುತ್ತದೆ. ಅಪ್ಪನಿಗೆ ವರ್ಷಕ್ಕೆ 5 ಲಕ್ಷ ಪಿಂಚಣಿ ಮಾತ್ರ ಇದ್ದರೆ ಹೊಸ ಪದ್ಧತಿಯಲ್ಲಿ ಅವರಿಗೆ ತೆರಿಗೆ ಬರುವುದಿಲ್ಲ. ಮನೆಮಂದಿಗೆಲ್ಲ ಸೇರಿ ಉಳಿತಾಯ. ಅಪ್ಪನೂ 30% ಹಂತದಲ್ಲಿದ್ದರೆ ಅದೇ ಬಾಡಿಗೆಯ ಮೇಲೆ ಅವರು 63,336 ಕಟ್ಟಬೇಕು. ಮಗಳು ಉಳಿಸಿದ್ದಕ್ಕಿಂತ ಅದು ಹೆಚ್ಚು! ಅಂದರೆ, ಕೊಡುವವರು ಮೇಲಿನ ಹಂತದಲ್ಲಿ, ಪಡೆಯುವವರು ಕೆಳಗಿನ ಹಂತದಲ್ಲಿ ಇದ್ದಾಗಷ್ಟೇ ಈ ವ್ಯವಸ್ಥೆಯಿಂದ ಲಾಭ.

ರಶೀದಿ ಇದ್ದರೆ ಸಾಲದೇ?

ಸಾಲದು. ಸಂಬಂಧಿಕರ ನಡುವಿನ ವ್ಯವಹಾರದಲ್ಲಿ ರಶೀದಿ ಬರೆಯುವುದು ಬಹಳ ಸುಲಭ ಎಂಬುದು ಇಲಾಖೆಗೂ ಗೊತ್ತು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಎರಡು ತೀರ್ಪುಗಳು ಈ ವಿಷಯದಲ್ಲಿ ದಾರಿ ತೋರಿಸುತ್ತವೆ.

2017ರಲ್ಲಿ ಮುಂಬೈ ಪೀಠದ ಮುಂದೆ ಬಂದ ಪ್ರಕರಣದಲ್ಲಿ ಮಗಳು ತಾಯಿಗೆ ಬಾಡಿಗೆ ಕೊಟ್ಟೆ ಎಂದಿದ್ದರು. ಕೊಟ್ಟದ್ದು ನಗದು, ಕರಾರು ಇರಲಿಲ್ಲ, ವಸತಿ ಸಂಘಕ್ಕೂ ತಿಳಿಸಿರಲಿಲ್ಲ. ಅವರು ಆ ಮನೆಯಲ್ಲಿ ವಾಸವಿದ್ದದ್ದಕ್ಕೆ ನಂಬುವಂಥ ಪುರಾವೆಯೂ ಇರಲಿಲ್ಲ. ವಿನಾಯಿತಿ ಸಿಗಲಿಲ್ಲ. 2022ರಲ್ಲಿ ದೆಹಲಿ ಪೀಠದ ಮುಂದೆ ಬಂದದ್ದು ಹೆಂಡತಿಗೆ ಬಾಡಿಗೆ ಕೊಟ್ಟ ಗಂಡನ ಪ್ರಕರಣ. ಮನೆ ಹೆಂಡತಿಯ ಹೆಸರಿನಲ್ಲಿತ್ತು, ಬಾಡಿಗೆಯನ್ನು ಆಕೆ ತನ್ನ ಆದಾಯದಲ್ಲಿ ತೋರಿಸಿದ್ದರು. ಗಂಡ ಹೆಂಡತಿಗೆ ಬಾಡಿಗೆ ಕೊಡುವಂತಿಲ್ಲ ಎಂಬ ಅಧಿಕಾರಿಯ ವಾದಕ್ಕೆ ಕಾನೂನಿನ ಬಲವಿಲ್ಲ ಎಂದು ಪೀಠ ಹೇಳಿತು, ವಿನಾಯಿತಿ ಉಳಿಯಿತು. ಎರಡನ್ನೂ ಬೇರೆ ಮಾಡಿದ್ದು ಪುರಾವೆ. ಸಂಬಂಧ ಯಾವುದು ಎಂಬುದಲ್ಲ.

ಆದರೂ ಗಂಡ-ಹೆಂಡತಿ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗಂಡ ಸುಮ್ಮನೆ ಕೊಟ್ಟ ಹಣದಿಂದಲೇ ಹೆಂಡತಿ ಮನೆ ಕೊಂಡಿದ್ದರೆ, ಅದರ ಬಾಡಿಗೆಯನ್ನು ಕಾನೂನು ಗಂಡನ ಆದಾಯಕ್ಕೇ ಸೇರಿಸುತ್ತದೆ.

ಏನೇನು ಇಟ್ಟುಕೊಂಡಿರಬೇಕು?

ಮೊದಲು ಮನೆ ಯಾರದು ಎಂದು ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಎಷ್ಟೋ ಮನೆಗಳ ಖಾತಾ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ. ಖಾತಾ ಆಸ್ತಿ ತೆರಿಗೆಗಾಗಿ ಇರುವ ದಾಖಲೆ, ಮಾಲೀಕತ್ವದ ಪತ್ರವಲ್ಲ. ಪಿತ್ರಾರ್ಜಿತ ಮನೆಯಲ್ಲಿ ನಿಮಗೂ ಪಾಲಿದ್ದರೆ ನಿಮ್ಮ ಪಾಲಿಗೆ ನೀವೇ ಬಾಡಿಗೆ ಕೊಟ್ಟಂತಾಗುತ್ತದೆ. ಕ್ರಯಪತ್ರ, ವಿಭಾಗಪತ್ರ ನೋಡಿಯೇ ಮುಂದುವರಿಯಿರಿ.

ಎರಡನೆಯದು ಕರಾರು. ಸ್ಟಾಂಪ್ ಪತ್ರದ ಮೇಲೆ 11 ತಿಂಗಳ ಬಾಡಿಗೆ ಕರಾರು ಮಾಡಿಕೊಳ್ಳುವ ರೂಢಿ ಇಲ್ಲಿಗೂ ಆಗುತ್ತದೆ. ಹೆತ್ತವರ ಜೊತೆಗೇ ಇದ್ದರೆ ಯಾವ ಮಹಡಿ, ಯಾವ ಕೋಣೆ ಎಂದು ಬರೆಯಿರಿ. ಬಾಡಿಗೆ ಆ ಬೀದಿಯ ದರಕ್ಕೆ ಹತ್ತಿರವಿರಲಿ.

ಮೂರನೆಯದು ಹಣ. ಪ್ರತಿ ತಿಂಗಳು ಬ್ಯಾಂಕ್ ಮೂಲಕ, ಮಾಲೀಕರ ಖಾತೆಗೇ ಹೋಗಲಿ. ಮನೆ ಅಮ್ಮನ ಹೆಸರಿನಲ್ಲಿದ್ದರೆ ಬಾಡಿಗೆಯೂ ಅಮ್ಮನ ಖಾತೆಗೇ ಹೋಗಬೇಕು, ಅಪ್ಪನ ಖಾತೆಗಲ್ಲ. ಹೋದ ಹಣ ವಾರದೊಳಗೆ ನಿಮ್ಮ ಖಾತೆಗೇ ಮರಳುತ್ತಿದ್ದರೆ ಅದನ್ನು ಬಾಡಿಗೆ ಎಂದು ನಂಬಿಸುವುದು ಕಷ್ಟ.

ನಾಲ್ಕನೆಯದು ಮಾಲೀಕರ ರಿಟರ್ನ್. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕಂಪನಿಗೆ ಕೊಡಬೇಕು, ಅದು ಇಲಾಖೆಗೂ ತಲುಪುತ್ತದೆ. ಮಗ ಕೊಟ್ಟೆ ಎಂದ 3 ಲಕ್ಷ ಅಪ್ಪನ ಲೆಕ್ಕದಲ್ಲಿ ಇಲ್ಲದಿದ್ದರೆ ಕಂಪ್ಯೂಟರೇ ಅದನ್ನು ಎತ್ತಿ ತೋರಿಸಬಲ್ಲದು. ಇಂಥ ಹೊಂದಾಣಿಕೆಯಾಗದ ಲೆಕ್ಕಗಳು ಕಂಡುಬಂದಿರುವುದಾಗಿ ಕೇಂದ್ರ ನೇರ ತೆರಿಗೆ ಮಂಡಳಿ 2024ರ ಏಪ್ರಿಲ್‌ನಲ್ಲಿ ಹೇಳಿತ್ತು. ಬಾಡಿಗೆ ತಿಂಗಳಿಗೆ 50,000 ದಾಟಿದರೆ ಬಾಡಿಗೆದಾರರೇ 2% ತೆರಿಗೆ ಹಿಡಿದು ಕಟ್ಟಬೇಕು. ಮಾಲೀಕರು ಹೆತ್ತವರಾದರೂ ಅಷ್ಟೇ.

ಸುಳ್ಳಾದರೆ?

ಉಳಿಸಿದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ತಪ್ಪು ಮಾಹಿತಿ ಕೊಟ್ಟು ಆದಾಯ ಮರೆಮಾಡಿದ್ದು ಎಂದು ತೀರ್ಮಾನವಾದರೆ ಆ ತೆರಿಗೆಯ 200%ರಷ್ಟು ದಂಡವೂ ಬೀಳಬಹುದು. ಮೇಲಿನ ಉದಾಹರಣೆಯಲ್ಲಿ 56,160 ಉಳಿಸಲು ಹೋಗಿ 1.12 ಲಕ್ಷಕ್ಕೂ ಹೆಚ್ಚು ದಂಡ ತೆರಬೇಕಾದೀತು. ರಶೀದಿಗೆ ಸಹಿ ಹಾಕಿದ ವಯಸ್ಸಾದ ತಂದೆ-ತಾಯಿಯೂ ಇಲಾಖೆಗೆ ಉತ್ತರ ಕೊಡಬೇಕಾಗಬಹುದು.

ನಿಜವಾಗಿ ಕೊಟ್ಟರೆ ಅದರಿಂದ ಆಗುವ ಒಳಿತು ತೆರಿಗೆಯನ್ನೂ ಮೀರಿದ್ದು. ಸ್ವಂತ ಆದಾಯವೇ ಇಲ್ಲದ ಎಷ್ಟೋ ತಾಯಂದಿರಿಗೆ ಪ್ರತಿ ತಿಂಗಳು ತಮ್ಮದೇ ಖಾತೆಗೆ ಹಣ ಬರುತ್ತದೆ. ಔಷಧಿಗೋ ಊರಿಗೆ ಹೋಗಿಬರುವುದಕ್ಕೋ ಮಕ್ಕಳ ಮುಂದೆ ಕೈಚಾಚಬೇಕಿಲ್ಲ. ಆದ್ದರಿಂದ ಕರಾರು ಬರೆಯುವ ಮೊದಲು ಹೆತ್ತವರೊಂದಿಗೆ ಕುಳಿತು ಎರಡು ಮಾತು ಸ್ಪಷ್ಟ ಮಾಡಿಕೊಳ್ಳಿ: ಈ ಹಣ ಅವರದು, ಅದರ ಲೆಕ್ಕವನ್ನು ಅವರ ರಿಟರ್ನ್‌ನಲ್ಲಿ ತೋರಿಸಬೇಕು. ಇವೆರಡಕ್ಕೂ ಎಲ್ಲರೂ ಒಪ್ಪಿದರೆ ಅಪ್ಪ-ಅಮ್ಮನಿಗೆ ಬಾಡಿಗೆ ಕೊಡಲು ಅಡ್ಡಿಯೇನಿಲ್ಲ.