ದಾಖಲೆಗೆ ಬಾರದ ತಿರಸ್ಕಾರ

ಸರ್ಕಾರಿ ಸೇವೆಗಳು ಅಂತರ್ಜಾಲಕ್ಕೆ ಬಂದ ಮೇಲೆ ಕಚೇರಿಗಳ ಮುಂದಿನ ಸಾಲು ಕಿರಿದಾಗಿರುವುದು ನಿಜ. ಆದರೆ ಅರ್ಜಿಯನ್ನು ಮೊದಲು ಪರಿಶೀಲಿಸುವ ಗುಮಾಸ್ತ ಮಾಯವಾಗಿಲ್ಲ. ಆತ ನಮ್ಮದೇ ಕಂಪ್ಯೂಟರಿನ ಬ್ರೌಸರ್‌ನೊಳಗೆ ಬಂದು ಕುಳಿತಿದ್ದಾನೆ. 'ಹೆಸರು ಸರಿಯಿಲ್ಲ', 'ದಿನಾಂಕ ತಪ್ಪು' ಎಂದು ಕೆಂಪಕ್ಷರಗಳಲ್ಲಿ ಆಕ್ಷೇಪಿಸುವ ಈ ಗುಮಾಸ್ತ, ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಕೆಲವು ಸಾಲುಗಳು ಮಾತ್ರ. ಮೂರು ದಶಕಗಳನ್ನು ಕಡತಗಳ ನಡುವೆ ಕಳೆದ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಈತನ ಆಕ್ಷೇಪಣೆಗೆ ಉತ್ತರದಾಯಿ ಯಾರು?

ಕರ್ನಾಟಕದ 2011ರ ಸಕಾಲ ಕಾಯ್ದೆಯ ತಿರುಳು ಸರಳವಾದುದು. ಅರ್ಜಿಗೆ ಸ್ವೀಕೃತಿ ಸಂಖ್ಯೆ ನೀಡಬೇಕು, ನಿಗದಿತ ಅವಧಿಯಲ್ಲಿ ಸೇವೆ ಒದಗಿಸಬೇಕು, ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಒಪ್ಪದ ನಾಗರಿಕ ಮೇಲ್ಮನವಿ ಸಲ್ಲಿಸಬಹುದು. ಬ್ರೌಸರ್‌ನಲ್ಲಿಯೇ ತಡೆಯಲ್ಪಟ್ಟ ಅರ್ಜಿಗೆ ಸಂಖ್ಯೆಯೇ ಹುಟ್ಟುವುದಿಲ್ಲ. ಅವಧಿಯ ಎಣಿಕೆ ಆರಂಭವಾಗದು, ಮೇಲ್ಮನವಿಗೆ ಆಧಾರವೂ ಇರದು. ಇಲಾಖೆಯ ಅಂಕಿಅಂಶಗಳಲ್ಲಿ ಮಾತ್ರ ಎಲ್ಲವೂ ಸುಸೂತ್ರ.

ಈ ತಡೆಗಳಲ್ಲಿ ಹಲವು ನಾಗರಿಕನ ತಪ್ಪಿನಿಂದ ಉಂಟಾಗುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಬ್ರೆಂಡನ್ ಐಕ್ ಅವರು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹತ್ತೇ ದಿನಗಳಲ್ಲಿ ಮೊದಲ ರೂಪ ನೀಡಿದ ಭಾಷೆ ಜಾವಾಸ್ಕ್ರಿಪ್ಟ್. ಅದು ಬಹಳ ಬೆಳೆದಿದೆಯಾದರೂ ಎಚ್ಚರ ತಪ್ಪಿದವರನ್ನು ಕೆಡಹುವ ಗುಂಡಿಗಳು ಉಳಿದೇ ಇವೆ. ಅದರಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಆರಂಭ. ಏಪ್ರಿಲ್ ಎಂದರೆ 3. ನಾವು ತುಂಬುವ ಮೊತ್ತ ಪಠ್ಯವಾಗಿ ಬರುವುದರಿಂದ, ಪರಿವರ್ತಿಸದೆ ಕೂಡಿಸಿದರೆ 100 ಮತ್ತು 50 ಸೇರಿ 10050 ಆಗುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಗಣಿತದ ಸಂಖ್ಯೆಯಾಗಿ ಪರಿವರ್ತಿಸಿದರೆ ಆರಂಭದ ಸೊನ್ನೆಗಳು ಉದುರಿಹೋಗುತ್ತವೆ.

ದಿನಾಂಕದ ತಪ್ಪು ಇನ್ನೂ ಸೂಕ್ಷ್ಮವಾದುದು. ಭಾರತೀಯ ಕಾಲಮಾನ ಅಂತರರಾಷ್ಟ್ರೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಏಪ್ರಿಲ್ 1 ಎಂಬುದನ್ನು ಇಲ್ಲಿನ ದಿನಾರಂಭದ ಕ್ಷಣವೆಂದು ಗ್ರಹಿಸಿ, ಅದನ್ನು ಅಂತರರಾಷ್ಟ್ರೀಯ ಕಾಲಮಾನಕ್ಕೆ ಬದಲಿಸಿ, ದಿನಾಂಕದ ಭಾಗವನ್ನಷ್ಟೇ ಕಳುಹಿಸಿದರೆ ತಲಪುವುದು ಮಾರ್ಚ್ 31! ಆರ್ಥಿಕ ವರ್ಷವೇ ಬದಲಾಯಿತು. ಜನ್ಮದಿನಾಂಕವಾದರೆ ಶಾಲಾ ದಾಖಲೆಗೂ ಅರ್ಜಿಗೂ ಒಂದು ದಿನದ ಅಂತರ. ದಿನ, ತಿಂಗಳು, ವರ್ಷಗಳನ್ನು ತುಂಬಿದಂತೆಯೇ ಉಳಿಸಿಕೊಂಡು ಗಂಟೆಯ ಗೊಡವೆಗೆ ಹೋಗದಿರುವುದೇ ಇದಕ್ಕೆ ಪರಿಹಾರ.

ಹೆಸರಿನ ವಿಷಯದಲ್ಲಂತೂ ನಿಯಮ ಬರೆದವರ ಪೂರ್ವಗ್ರಹವೇ ಕಾನೂನಾಗುತ್ತದೆ. ಕುಲನಾಮ ಕಡ್ಡಾಯ ಎನ್ನುವ ನಮೂನೆ, ಇನಿಷಿಯಲ್ ಮಾತ್ರ ಇರುವ ಕನ್ನಡಿಗನಿಂದ ಇಲ್ಲದ ಹೆಸರೊಂದನ್ನು ಬರೆಸುತ್ತದೆ. ಮುಂದೆ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒಪ್ಪುವ ತಪಾಸಣೆ, ರಾಜ್ಯದ ಆಡಳಿತ ಭಾಷೆಯನ್ನೇ ತಿರಸ್ಕರಿಸುತ್ತದೆ. ನಾವು ಎರಡಕ್ಷರವೆಂದು ಎಣಿಸುವ 'ಲಕ್ಷ್ಮಿ' ಜಾವಾಸ್ಕ್ರಿಪ್ಟ್‌ನ ಎಣಿಕೆಯಲ್ಲಿ ಏಳಾಗುತ್ತದೆ. ಏಕೆಂದರೆ ಒತ್ತಕ್ಷರ, ಗುಣಿತಗಳ ಚಿಹ್ನೆಗಳೂ ಅಲ್ಲಿ ಪ್ರತ್ಯೇಕ. ಇಂಗ್ಲಿಷಿನ ಅಳತೆಯಲ್ಲಿ ನಿಗದಿಪಡಿಸಿದ ಮಿತಿ ಕನ್ನಡದ ಹೆಸರನ್ನು ನಡುವೆಯೇ ಕತ್ತರಿಸುವುದು ಹೀಗೆ.

ಹಾಗಾದರೆ ಬ್ರೌಸರ್‌ನಲ್ಲಿ ತಪಾಸಣೆಯೇ ಬೇಡವೇ? ಖಂಡಿತ ಬೇಕು. ಬಿಟ್ಟುಹೋದ ಅಂಕಿಯನ್ನು ತಕ್ಷಣ ತೋರಿಸಿಕೊಡುವುದು ಉಪಕಾರವೇ. ಆದರೆ ಅದು ಸಲಹೆಯಾಗಬಹುದೇ ಹೊರತು ತೀರ್ಪಾಗಲಾರದು. ಬ್ರೌಸರ್ ಇರುವುದು ಬಳಕೆದಾರನ ಕೈಯಲ್ಲಿ. ಸ್ವಲ್ಪ ತಿಳಿವಳಿಕೆಯುಳ್ಳ ಯಾರೇ ಆದರೂ ಅಲ್ಲಿನ ತಪಾಸಣೆಯನ್ನು ದಾಟಿ ತಮಗೆ ಬೇಕಾದುದನ್ನು ನೇರವಾಗಿ ಕಳುಹಿಸಬಲ್ಲರು. ಆದ್ದರಿಂದ ಅಂತಿಮ ಪರಿಶೀಲನೆ ಇಲಾಖೆಯ ಸರ್ವರ್‌ನಲ್ಲಿಯೇ ನಡೆಯಬೇಕು. ಅದಿಲ್ಲದಿದ್ದರೆ ಪ್ರಾಮಾಣಿಕನನ್ನು ತಡೆದು ವಂಚಕನಿಗೆ ದಾರಿ ಬಿಟ್ಟಂತೆಯೇ ಸರಿ.

ಈ ನಿಟ್ಟಿನಲ್ಲಿ ಇಲಾಖೆಗಳು ಕೈಗೊಳ್ಳಬೇಕಾದ ಕ್ರಮಗಳಿಗೆ ದೊಡ್ಡ ವೆಚ್ಚವೇನೂ ತಗುಲದು. ಆಕ್ಷೇಪಣೆ ಬಂದರೂ 'ನನ್ನ ವಿವರ ಸರಿಯಿದೆ' ಎಂಬ ಟಿಪ್ಪಣಿಯೊಂದಿಗೆ ಅರ್ಜಿ ಸಲ್ಲಿಸುವ ಅವಕಾಶವಿರಲಿ. ನಿರ್ಧಾರವನ್ನು ಅಧಿಕಾರಿ ಕೈಗೊಂಡು ಕಾರಣ ದಾಖಲಿಸಲಿ. ಯಾವ ಹಂತದಲ್ಲಿ ಎಷ್ಟು ಅರ್ಜಿಗಳು ನಿಂತವು ಎಂಬ ಲೆಕ್ಕ, ಖಾಸಗಿ ವಿವರಗಳನ್ನು ಹೊರತುಪಡಿಸಿ, ಇಲಾಖೆಗೆ ತಲಪಲಿ. ನಿಧಾನಗತಿಯ ಸಂಪರ್ಕದಲ್ಲಿ ಸ್ಕ್ರಿಪ್ಟ್ ಇಳಿಯದೇ ಹೋದರೂ ಮೂಲ ನಮೂನೆ ಸಲ್ಲಿಕೆಯಾಗುವಂತಿರಲಿ. ಶುಲ್ಕದ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಹಣ ಎರಡು ಬಾರಿ ಕಡಿತವಾಗದಂತೆ ಪ್ರತಿ ಪಾವತಿಗೂ ಒಂದೇ ಗುರುತು ಸಂಖ್ಯೆ ಇರಲಿ. ಟೆಂಡರ್ ಷರತ್ತುಗಳಲ್ಲಿ, ನಮ್ಮ ಜನರ ನಿಜವಾದ ಹೆಸರು, ದಿನಾಂಕಗಳ ಮಾದರಿಗಳನ್ನಿಟ್ಟು ಪರೀಕ್ಷಿಸುವುದು ಕಡ್ಡಾಯವಾಗಲಿ.

ಎಲ್ಲಕ್ಕಿಂತ ಮುಖ್ಯವಾಗಿ, ತಪಾಸಣೆಯ ನಿಯಮಗಳನ್ನು ಕನ್ನಡದಲ್ಲಿ ಪ್ರಕಟಿಸಿ, ಅವುಗಳಿಗೆ ಜವಾಬ್ದಾರ ಅಧಿಕಾರಿಯೊಬ್ಬರ ಅನುಮೋದನೆ ಪಡೆಯಬೇಕು. ಯಾರು ಅರ್ಜಿ ಹಾಕಬಹುದು ಎಂಬುದನ್ನು ನಿರ್ಧರಿಸುವ ನಿಯಮ ಗುತ್ತಿಗೆ ಕಂಪನಿಯ ಕಂಪ್ಯೂಟರಿನಲ್ಲಿ ಸಹಿಯಿಲ್ಲದೆ ಜಾರಿಗೆ ಬರಬಾರದು.